ಬಸ್ಸು ಬಾರದ ಆಸ್ಪತ್ರೆ

ಬಹರೈನಿನಲ್ಲಿ ನಮ್ಮ ಕರಾವಳಿಯವರು ಬಸ್‌ಸ್ಟಾಪಿನಲ್ಲಿ ನೆಮ್ಮದಿಯಾಗಿ ನಿಲ್ಲುವ ಹಾಗಿಲ್ಲ. ಯಾರಾದರೂ ನೋಡಿಬಿಡುತ್ತಾರೆ. ನೋಡಿದವನು ಸುಮ್ಮನೆ ಹೋಗುವ ಹಾಗಿಲ್ಲ. ಕಾರು ಬದಿಗೆ ಹಾಕಿ, ಗಾಜು ಇಳಿಸಿ, ಬಸ್ಸಿಗೆ ಯಾಕೆ ನಿಂತದ್ದು ಮಾರಾಯ್ರೆ ಎಂದು ಕೇಳಲೇಬೇಕು. ನಿಂತವನು ಹತ್ತದೆ ಇರುವ ಹಾಗಿಲ್ಲ. ಹತ್ತದಿದ್ದರೆ ಕಾರಿನವನಿಗೆ ಅವಮಾನ, ಹತ್ತಿದರೆ ನಿಂತವನಿಗೆ ಹಂಗು. ಸಂಘದ ಕಾರ್ಯಕ್ರಮಕ್ಕೆ, ಮಸೀದಿಗೆ, ಪೂಜೆಗೆ, ಏರ್‌ಪೋರ್ಟಿಗೆ, ಆಸ್ಪತ್ರೆಗೆ, ಎಲ್ಲ ಕಡೆಗೂ ಒಬ್ಬರ ಕಾರಿನಲ್ಲಿ ಇನ್ನೊಬ್ಬರು ಹೋಗುತ್ತಲೇ ಇರುತ್ತೇವೆ. ಇದನ್ನು ನಾವು ಒಗ್ಗಟ್ಟು ಎಂದು ಕರೆದುಕೊಳ್ಳುತ್ತೇವೆ. ಒಗ್ಗಟ್ಟು ಹೌದು, ಇಲ್ಲವೆನ್ನುವುದಿಲ್ಲ. ಆದರೆ ಅದರಿಂದಲೂ ದಣಿವಾಗುತ್ತದೆ ಎನ್ನುವುದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ.

ನನ್ನ ಉದ್ಯೋಗವೂ ಕಾರುಗಳದ್ದೇ ಆಗಿತ್ತು. ರಸ್ತೆ ಸಂಚಾರದ ಅಧ್ಯಯನ ಮಾಡುವ ಒಂದು ಕನ್ಸಲ್ಟೆನ್ಸಿ ಆಫೀಸಿನಲ್ಲಿ ನಾನು ಸರ್ವೇ ಸೂಪರ್‌ವೈಸರ್. ಹೆಸರು ದೊಡ್ಡದು. ಕೆಲಸವೆಂದರೆ ಸಿಗ್ನಲ್ ಬದಿಯಲ್ಲಿ ಜನ ಕೂರಿಸಿ, ಎಷ್ಟು ಕಾರು ಎಡಕ್ಕೆ ಹೋದವು, ಎಷ್ಟು ಬಲಕ್ಕೆ ಹೋದವು ಎಂದು ಎಣಿಸುವುದು. ಬೇರೆಯವರ ಕೂದಲು ವಯಸ್ಸಿನಿಂದ ಬೆಳ್ಳಗಾದರೆ ನನ್ನದು ಸಿಗ್ನಲ್ಲಿನ ಬಿಸಿಲಿನಲ್ಲಿ ಬೆಳ್ಳಗಾಯಿತು. ಆಮೇಲೆ ಕ್ಯಾಮೆರಾಗಳು ಬಂದವು. ಅವು ಕಾರು ಎಣಿಸತೊಡಗಿದವು, ನಾವು ಕ್ಯಾಮೆರಾಗಳನ್ನು ಕಾಯತೊಡಗಿದೆವು. ಸುಸ್ತು ಮಾತ್ರ ಮೊದಲಿನಷ್ಟೇ ಇತ್ತು.

ನಮ್ಮ ಮನೆ ಏರ್‌ಪೋರ್ಟಿನ ಪಕ್ಕದ ಅರಾದ್‌ನಲ್ಲಿ. ವಿಮಾನ ತಲೆಯ ಮೇಲೆ ಹೋಗುವಾಗ ಮಾತು ನಿಲ್ಲಿಸಿ, ಹೋದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುವುದು ಅಲ್ಲಿಯವರಿಗೆಲ್ಲ ರೂಢಿ. ನಮ್ಮ ಮೇಲಿನ ಮನೆಯಲ್ಲಿ ಉಳ್ಳಾಲದ ಕಡೆಯ ಒಂದು ಬ್ಯಾರಿ ಮುಸ್ಲಿಂ ದಂಪತಿ ಇದ್ದಾರೆ. ಗಂಡನಿಗೆ ಅಸ್ಕರ್ ಕಡೆಯ ಒಂದು ವರ್ಕ್‌ಶಾಪಿನಲ್ಲಿ ಶಿಫ್ಟ್ ಕೆಲಸ; ಕಂಪನಿಯ ಬಸ್ಸು ಬೆಳಕು ಹರಿಯುವ ಮೊದಲು ಕರೆದುಕೊಂಡು ಹೋಗಿ ಸಾಯಂಕಾಲ ತಂದು ಬಿಡುತ್ತದೆ. ಒಬ್ಬಳೇ ಮಗಳು ಮದುವೆಯಾಗಿ ಸೌದಿಯ ದಮ್ಮಾಮ್‌ನಲ್ಲಿದ್ದಾಳೆ. ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ಅವರು ನನಗಿಂತ ದೊಡ್ಡವರು, ಆದರೂ ನನ್ನನ್ನು ಅಣ್ಣ ಎನ್ನುತ್ತಾರೆ. ನಮ್ಮ ಕಡೆ ಈ ಲೆಕ್ಕ ಹೀಗೆಯೇ, ಇಬ್ಬರೂ ಒಬ್ಬರಿಗೊಬ್ಬರು ಹಿರಿಯರು.

ಅಕ್ಕನ ಎರಡೂ ಕಿಡ್ನಿಗಳು ಕೈಕೊಟ್ಟು ಎಷ್ಟೋ ವರ್ಷಗಳಾದವು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಆಗ ಅದು ನಡೆಯುತ್ತಿದ್ದದ್ದು ಮನಾಮಾದ ಪೇಟೆಯ ನಡುವೆ ಇದ್ದ ಒಂದು ಹಳೆಯ ಖಾಸಗಿ ಆಸ್ಪತ್ರೆಯಲ್ಲಿ. ಮೊದಮೊದಲು ಅಕ್ಕ ಅಲ್ಲಿಗೆ ಬಸ್ಸಿನಲ್ಲಿ ಹೋಗುತ್ತಿದ್ದರು. ಮನೆಯ ಹತ್ತಿರವೇ ಸ್ಟಾಪು, ಮನಾಮಾ ಬಸ್ ನಿಲ್ದಾಣದಲ್ಲಿ ಇಳಿದರೆ ನಾಲ್ಕು ಹೆಜ್ಜೆಗೆ ಆಸ್ಪತ್ರೆ. ಹೋಗುವಾಗ ಕಿಟಕಿ ಬದಿಯ ಸೀಟು, ಸೇತುವೆಯ ಎರಡೂ ಕಡೆ ನೀರು. ಬರುವಾಗ ಬಸ್ಸಿನಲ್ಲೇ ಸ್ವಲ್ಪ ನಿದ್ದೆ. ಇದನ್ನೆಲ್ಲ ಅವರು ನನಗೆ ಹೇಳಿದ್ದು ಬಹಳ ವರ್ಷಗಳ ಮೇಲೆ.

ಅವರನ್ನು ಬಸ್‌ಸ್ಟಾಪಿನಲ್ಲಿ ಮೊದಲು ಕಂಡದ್ದು ನನ್ನ ಹೆಂಡತಿ. ಅವಳು ಇಲ್ಲಿನ ಒಂದು ಶಾಲೆಯಲ್ಲಿ ಟೀಚರ್. ಶಾಲೆಯ ವ್ಯಾನಿನಿಂದ ಕಂಡದ್ದನ್ನು ಸಂಜೆ ನನಗೆ ಹೇಳಿದಳು. ನನ್ನ ಮುಖಕ್ಕೆ ಹೊಡೆದ ಹಾಗಾಯಿತು. ಚಾ ಕುಡಿಯುವುದನ್ನು ಅರ್ಧಕ್ಕೆ ಬಿಟ್ಟು ಮೇಲೆ ಹೋದೆ. ನಮ್ಮ ಮನೆಯಲ್ಲಿ ಕಾರಿರುವಾಗ ನೀವು ಬಸ್ಸಿನಲ್ಲಿ ಹೋಗುವುದೆಂದರೆ ಏನು, ನೋಡಿದವರು ಏನೆಂದುಕೊಂಡಾರು ಎಂದು ಕೇಳಿದೆ. ಬೇಡ ಅಣ್ಣ, ಬಸ್ಸು ಒಳ್ಳೆಯದುಂಟು ಎಂದು ಅಕ್ಕ ಎಷ್ಟೋ ಹೇಳಿದರು. ನಾನು ಕೇಳಲಿಲ್ಲ. ಅವರ ಗಂಡ ಎದೆಯ ಮೇಲೆ ಕೈಯಿಟ್ಟುಕೊಂಡು, ದೇವರು ನಿಮಗೆ ಒಳ್ಳೆಯದು ಮಾಡಲಿ ಎಂದರು. ಅಲ್ಲಿಗೆ ಆ ಮಾತು ಮುಗಿಯಿತು.

ನನ್ನದು ಹೊರಗಿನ ಕೆಲಸವಾದ್ದರಿಂದ ಬೆಳಿಗ್ಗೆ ಅಕ್ಕನನ್ನು ಬಿಟ್ಟು ಮಧ್ಯಾಹ್ನ ಕರೆತರುವುದು ಕಷ್ಟವೇನೂ ಆಗಲಿಲ್ಲ. ಕಷ್ಟವಾದದ್ದು ಅಕ್ಕನಿಗೆ. ನನಗೆ ತಡವಾಗಬಾರದೆಂದು ಅವರು ಎಷ್ಟೋ ಮೊದಲೇ ಬುರ್ಖಾ ಹಾಕಿ ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಡಯಾಲಿಸಿಸ್ ಮುಗಿದು ತಲೆ ತಿರುಗುತ್ತಿದ್ದರೂ ನನ್ನ ಕಾರು ಕಾಯಬಾರದೆಂದು ಬೇಗ ಎದ್ದುಬಿಡುತ್ತಿದ್ದರು. ಮರುದಿನ, ಮಲಗಿರಬೇಕಾದ ದಿನ, ಒಲೆಯ ಮುಂದೆ ನಿಂತು ನಮಗಾಗಿ ಪತ್ತಿರ್ ಮಾಡುತ್ತಿದ್ದರು. ತೆಳ್ಳಗಿನ ಆ ಅಕ್ಕಿರೊಟ್ಟಿ, ಜೊತೆಗೆ ಕೋಳಿ ಸಾರು, ಕೆಲವೊಮ್ಮೆ ಹಬೆಯಲ್ಲಿ ಬೇಯಿಸಿದ ಅಕ್ಕಿಯುಂಡೆ ಪುಂಡಿ. ಬೇಡವೆಂದರೆ ಬೇಜಾರು, ತೆಗೆದುಕೊಂಡರೆ ನನಗೆ ಸಂಕಟ. ಬಿಸಿ ತುಪ್ಪ ಎನ್ನುತ್ತಾರಲ್ಲ, ಉಗುಳಲಿಕ್ಕೂ ಆಗದು ನುಂಗಲಿಕ್ಕೂ ಆಗದು, ಅದು. ರೊಟ್ಟಿಯೇನೋ ಸಲೀಸಾಗಿ ಇಳಿಯುತ್ತಿತ್ತು, ಸುಳ್ಳು ಹೇಳಬಾರದು.

ಹೀಗೇ ನಡೆಯುತ್ತಿರುವಾಗ ನನ್ನ ಕಣ್ಣಿನ ತಕರಾರು ಶುರುವಾಯಿತು. ಶುಗರ್ ಕಣ್ಣಿನ ಒಳಗಿನ ಪರದೆಗೆ ಇಳಿದಿದೆ ಎಂದರು ಡಾಕ್ಟರ್. ಇಂಜೆಕ್ಷನ್ ಕೊಡುತ್ತಾ ಹೋಗೋಣ, ಆದರೆ ಕಾರು ಓಡಿಸುವುದು ಇನ್ನು ಹೆಚ್ಚು ಕಾಲ ಆಗಲಿಕ್ಕಿಲ್ಲ, ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದೂ ಹೇಳಿದರು. ನಾನು ಇದನ್ನು ಹೆಂಡತಿಗೆ ಬಿಟ್ಟರೆ ಬೇರೆ ಯಾರಿಗೂ ಹೇಳಲಿಲ್ಲ. ಅವಳು ಲೈಸೆನ್ಸಿನ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಫೇಲಾಗಿ ಆ ಆಸೆಯನ್ನೇ ಬಿಟ್ಟವಳು. ಅಕ್ಕನಿಗೆ ಹೇಳಿದರೆ ಮರುದಿನವೇ ಬಸ್ಸು ಹತ್ತುತ್ತಾರೆ, ಅದು ಬೇಡ, ಓಡಿಸಲು ಆಗುವಷ್ಟು ದಿನ ಓಡಿಸೋಣ ಎಂದುಕೊಂಡೆ. ನಾನು ಕಾರು ನಿಲ್ಲಿಸಿದ ಮೇಲೆ ಇವರನ್ನು ಯಾರು ಕರೆದುಕೊಂಡು ಹೋಗುತ್ತಾರೆ ಎಂಬ ಚಿಂತೆ ಮಾತ್ರ ಊಟ ಮಾಡುವಾಗಲೂ ತಲೆಯಲ್ಲಿರುತ್ತಿತ್ತು.

ಆಫೀಸಿಗೆ ಆ ಕೆಲಸ ಬಂದದ್ದು ಸರಿಯಾಗಿ ಆಗಲೇ. ಅಕ್ಕ ಹೋಗುತ್ತಿದ್ದ ಹಳೆಯ ಆಸ್ಪತ್ರೆಯ ಮಾಲೀಕರು ಅದನ್ನು ಮುಚ್ಚಿ ದೊಡ್ಡದೊಂದು ಹೊಸ ಆಸ್ಪತ್ರೆ ಕಟ್ಟುವವರಿದ್ದರು. ಡಯಾಲಿಸಿಸ್ ವಿಭಾಗವೂ ಅಲ್ಲಿಗೇ ಹೋಗುವುದು. ಜಾಗ ಇನ್ನೂ ನಿಶ್ಚಯವಾಗಿರಲಿಲ್ಲ. ಎರಡು ಜಾಗ ಅವರ ಮನಸ್ಸಿನಲ್ಲಿದ್ದವು. ಒಂದು, ಮನಾಮಾ ಬಸ್ ನಿಲ್ದಾಣದ ಹಿಂದೆ ಹಳೆಯ ಗೋದಾಮುಗಳಿದ್ದ ಕಾಂಪೌಂಡು. ಇಕ್ಕಟ್ಟು, ಪಾರ್ಕಿಂಗಿಗೆ ಜಾಗ ಸಾಲದು, ಸುತ್ತ ಪೇಟೆಯ ಗದ್ದಲ. ಇನ್ನೊಂದು, ಪೇಟೆಯಿಂದ ಪಶ್ಚಿಮಕ್ಕೆ, ಸಮುದ್ರ ತುಂಬಿಸಿ ಮಾಡಿದ ಹೊಸ ಜಾಗ. ವಿಶಾಲ, ಮುಂದೆ ನೀಲಿ ನೀರು, ಎಷ್ಟು ಕಾರು ಬೇಕಾದರೂ ನಿಲ್ಲಿಸಬಹುದು. ಆದರೆ ಬಸ್ಸು ಓಡುವುದು ಹೆದ್ದಾರಿಯಲ್ಲಿ. ಸ್ಟಾಪಿನಿಂದ ಜಾಗಕ್ಕೆ ಮರವಿಲ್ಲ, ನೆರಳಿಲ್ಲ, ಮರಳಿನ ದಾರಿ. ರೋಗಿಗಳು ಈಗ ಹೇಗೆ ಬರುತ್ತಾರೆ, ಮುಂದೆ ಹೇಗೆ ಬರಲು ಇಷ್ಟಪಡುತ್ತಾರೆ ಎಂದು ನಾವು ವಿಚಾರಿಸಿ ವರದಿ ಕೊಡಬೇಕಾಗಿತ್ತು. ಜಾಗ ಅದರ ಮೇಲೆ ತೀರ್ಮಾನ.

ದೇವರು ಕಣ್ಣು ಬಿಟ್ಟ ಎಂದುಕೊಂಡೆ. ಗೋದಾಮಿನ ಜಾಗ ಗೆದ್ದರೆ ಅಕ್ಕನಿಗೆ ಯಾರ ಕಾರೂ ಬೇಡ, ಯಾರ ಹಂಗೂ ಬೇಡ. ಹತ್ತುವ ಸ್ಟಾಪು ಅದೇ, ಇಳಿಯುವ ನಿಲ್ದಾಣವೂ ಅದೇ. ನನ್ನ ಕಣ್ಣು ಹೋದರೂ ಅವರ ಚಿಕಿತ್ಸೆ ನಿಲ್ಲುವುದಿಲ್ಲ. ಇಷ್ಟು ವರ್ಷ ಎಣಿಸಿದ್ದಕ್ಕೆ ಒಮ್ಮೆಯಾದರೂ ಅರ್ಥವಿರುವ ಲೆಕ್ಕ ಸಿಕ್ಕಿತು ಎಂದು ಖುಷಿಯಾಯಿತು.

ನಮ್ಮ ಹಿರಿಯ ಎಂಜಿನಿಯರ್ ಲೆಬನಾನಿನವರು, ಒಳ್ಳೆಯ ಮನುಷ್ಯ. ಅವರ ಜೊತೆ ಸಮುದ್ರದ ಬದಿಯ ಜಾಗ ನೋಡಲು ಹೋದಾಗ, ಸ್ಟಾಪಿನಿಂದ ನಡೆದೇ ನೋಡುತ್ತೇನೆ ಎಂದು ಇಳಿದೆ. ಜುಲೈ ತಿಂಗಳು. ಗಾಳಿ ಒದ್ದೆ ಬಟ್ಟೆಯ ಹಾಗೆ ಮುಖಕ್ಕೆ ಅಂಟುತ್ತಿತ್ತು. ನಾನು ನಡೆಯುತ್ತಿದ್ದರೆ ಅವರು ನನ್ನ ಪಕ್ಕದಲ್ಲೇ ಮೆಲ್ಲಗೆ ಕಾರು ಓಡಿಸುತ್ತಾ, ಗಾಜು ಇಳಿಸಿ, ಹುಚ್ಚು ಬೇಡ, ಒಳಗೆ ಬಾ ಎಂದು ಕರೆಯುತ್ತಲೇ ಇದ್ದರು. ಅರ್ಧ ದಾರಿಗೆ ಹತ್ತಿಬಿಟ್ಟೆ. ಆ ಜಾಗಕ್ಕೆ ಕಾಲ್ನಡಿಗೆಯಲ್ಲಿ ಎಷ್ಟು ಹೊತ್ತು ಬೇಕು ಎನ್ನುವುದು ಕೊನೆಗೂ ನಮಗೆ ತಿಳಿಯಲಿಲ್ಲ.

ಹಳೆಯ ಆಸ್ಪತ್ರೆಯಲ್ಲಿ ವಿಚಾರಣೆ ಶುರುವಾಯಿತು. ನಮ್ಮ ಸರ್ವೇ ತಂಡದಲ್ಲಿ ಹೈದರಾಬಾದಿನ ಒಬ್ಬ ಚುರುಕು ಹುಡುಗಿ ಇದ್ದಳು. ಉರ್ದು, ಅರಬಿ, ಇಂಗ್ಲಿಷ್ ಮೂರೂ ಬರುತ್ತಿದ್ದವು. ಅವಳ ಕೈಯಲ್ಲಿ ಟ್ಯಾಬ್. ಪ್ರಶ್ನೆಗಳು ಎರಡೇ. ಇವತ್ತು ಹೇಗೆ ಬಂದಿರಿ? ಬಾಗಿಲವರೆಗೆ ಬಸ್ಸು ಬಂದರೆ ಬಸ್ಸಿನಲ್ಲಿ ಬರುತ್ತೀರಾ? ನನ್ನ ಕೆಲಸ ಜೊತೆಗೆ ನಿಂತು, ಎಲ್ಲ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡುವುದು. ಹೀಗೆ ಹೇಳಿ, ಹಾಗೆ ಹೇಳಿ ಎಂದು ಯಾರಿಗೂ ಸೂಚಿಸುವ ಹಾಗಿಲ್ಲ. ಅದು ಈ ಕಸುಬಿನ ಮೊದಲ ಪಾಠ.

ಡಯಾಲಿಸಿಸ್ ವಾರ್ಡಿನಲ್ಲಿ ಅಕ್ಕ ಮಂಚದ ಮೇಲೆ ಒರಗಿದ್ದರು, ಒಂದು ಕೈಗೆ ಕೊಳವೆ. ಹುಡುಗಿ ಕೇಳಿದಳು. ಅಕ್ಕ ನನ್ನ ಕಡೆ ನೋಡಿ ನಕ್ಕು, ಕಾರಿನಲ್ಲಿ ಎಂದರು. ಅದು ನಿಜವೇ, ನನ್ನ ಕಾರಿನಲ್ಲೇ ಬಂದದ್ದು. ಎರಡನೆಯ ಪ್ರಶ್ನೆಗೆ ಅವರು ಒಂದು ಕ್ಷಣವೂ ತಡಮಾಡಲಿಲ್ಲ. ಬಸ್ಸು ಬೇಡ, ನಮಗೆ ಇವರಿದ್ದಾರಲ್ಲ ಎಂದರು. ಹುಡುಗಿ ಬೆರಳು ಒತ್ತಿ ಮುಂದಿನ ಮಂಚಕ್ಕೆ ಹೋದಳು. ನಾನು ಅವಳ ಹಿಂದೆ ನಡೆದೆ.

ಮುಂದಿನ ಮಂಚದಲ್ಲಿ ಮಂಜೇಶ್ವರದ ಒಬ್ಬ ಹಿರಿಯರು. ಪಕ್ಕದಲ್ಲಿ ಅವರ ತಂಗಿಯ ಮಗ, ಕೈಯಲ್ಲಿ ಕಾರಿನ ಕೀಲಿ. ಹಿರಿಯರು ಅವನ ಮುಖ ನೋಡಿ, ಬಸ್ಸು ಬೇಡ ಎಂದರು. ಕೆಳಗೆ ಹೊರರೋಗಿಗಳ ಸಾಲಿನಲ್ಲೂ ಅದೇ. ಒಬ್ಬೊಬ್ಬರ ಹಿಂದೆಯೂ ಒಬ್ಬ ನೆರೆಯವನೋ, ಅಂಗಡಿಯವನೋ, ದೂರದ ಸಂಬಂಧಿಯೋ ಕೀಲಿ ಕುಣಿಸುತ್ತಾ ನಿಂತಿರುತ್ತಿದ್ದ. ಕರೆದುಕೊಂಡು ಬಂದವನ ಎದುರಿಗೆ, ನನಗೆ ಬಸ್ಸೇ ಸಾಕಿತ್ತು ಎಂದು ಹೇಗೆ ಹೇಳುವುದು? ನಮ್ಮವರು ಉಪವಾಸ ಇದ್ದರೂ ನೆಂಟರ ಮನೆಯಲ್ಲಿ ಹೊಟ್ಟೆ ತುಂಬಿದೆ ಎನ್ನುವ ಜನ. ವಿಚಾರಣೆ ಮುಗಿಯುವಾಗ ಬಸ್ಸು ಬೇಕೆಂದವರು ತೀರಾ ಕಡಿಮೆ, ಅವರೂ ಒಬ್ಬರೇ ಬಂದವರು.

ಅಕ್ಕ ಬಸ್ಸು ಬೇಡವೆಂದ ದಿನವೇ ಅವರನ್ನು ಮನೆಗೆ ಕರೆತರುವಾಗ ನನಗೆ ಸಿಟ್ಟು ತಡೆಯಲಾಗಲಿಲ್ಲ. ಸೇತುವೆಯ ಮೇಲೆ ಬಾಯಿಬಿಟ್ಟೆ. ಜಾಗ ಯಾವುದೆಂದು ತೀರ್ಮಾನವಾಗುವುದೇ ಈ ಉತ್ತರಗಳ ಮೇಲೆ, ಬಸ್ಸು ಬೇಡವೆಂದು ಎಲ್ಲರೂ ಹೇಳಿದರೆ ಆಸ್ಪತ್ರೆಯನ್ನು ಬಸ್ಸಿಲ್ಲದ ಕಡೆ ಕಟ್ಟುತ್ತಾರೆ, ನಿಮಗೆ ಇಷ್ಟೂ ಗೊತ್ತಾಗಲಿಲ್ಲವೇ ಎಂದು ಕೇಳಿದೆ. ಡಯಾಲಿಸಿಸ್ ಆಗಿ ಬಂದವರ ಮೇಲೆ ಹರಿಹಾಯಬಾರದು, ಗೊತ್ತಿತ್ತು. ಆದರೂ ಹರಿಹಾಯ್ದೆ.

ಅಕ್ಕ ನೀರಿನ ಕಡೆ ಮುಖ ಮಾಡಿಕೊಂಡೇ ಹೇಳಿದರು.

"ನೀವು ಎದುರೇ ನಿಂತಿದ್ರಿ ಅಣ್ಣ. ಬಸ್ಸು ಬೇಕು ಅಂತ ಹೇಳಿದ್ರೆ ನಿಮ್ಮ ಕಾರು ಬೇಡ ಅಂತ ಹೇಳಿದ ಹಾಗೆ ಆಗುದಿಲ್ವಾ?"

ನಾನು ಅಲ್ಲಿ ನಿಂತದ್ದು ಆಫೀಸಿನ ಕೆಲಸಕ್ಕೆ, ನಿಮ್ಮ ನೆರೆಯವನಾಗಿ ಅಲ್ಲ ಎಂದೆ.

"ನನಗೆ ಆಫೀಸಿಗೊಬ್ರು ಮನೆಗೊಬ್ರು ಅಂತ ಉಂಟಾ? ನೀವು ನೀವೇ ಅಲ್ವಾ."

ಸಿಟ್ಟು ಇಳಿಯುವಾಗ, ಹೇಳಬಾರದೆಂದುಕೊಂಡಿದ್ದ ಕಣ್ಣಿನ ವಿಷಯವೂ ಬಾಯಿಗೆ ಬಂತು. ಅಕ್ಕ ಬೆರಳಿನಿಂದ ಬುರ್ಖಾದ ಅಂಚನ್ನು ಹಿಸುಕುತ್ತಾ ಕೂತರು. ಕಣ್ಣು ಸರಿಯಿಲ್ಲದೆಯೂ ಓಡಿಸುತ್ತಿದ್ದೀರಾ, ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರು. ನಿಮಗೆ ಬೇಜಾರಾಗುತ್ತದೆ ಎಂದು ಹೇಳಲಿಲ್ಲ ಎಂದೆ. ಆಗಲೇ ಅವರು ಆ ಕಿಟಕಿ ಸೀಟಿನ, ಬಸ್ಸಿನ ನಿದ್ದೆಯ ಮಾತು ಹೇಳಿದ್ದು. ಬಸ್ಸಿನಲ್ಲಾದರೆ ಯಾರೂ ತನಗಾಗಿ ಕಾಯುವುದಿಲ್ಲ, ತಾನೂ ಯಾರಿಗೂ ಏನೂ ಮಾಡಿಕೊಡಬೇಕಾಗಿಲ್ಲ, ಕಾಯಿಲೆಯವರಿಗೆ ಅದೊಂದು ದೊಡ್ಡ ಸುಖ ಎಂದರು. ಹಂಗಿನ ಅರಮನೆಗಿಂತ ವಿಂಗಡದ ಗುಡಿಸಲು ಲೇಸು ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಅರಮನೆ ನನ್ನ ಕಾರೇ ಆಗಿರಬಹುದೆಂದು ಎಂದೂ ಹೊಳೆದಿರಲಿಲ್ಲ. ಆದರೂ ಕಣ್ಣು ಕಾಣುವಷ್ಟು ದಿನ ನಾನೇ ಬಿಡುತ್ತೇನೆ ಎಂದು ಹಟ ಹಿಡಿದೆ, ನನಗೆ ಬೇಜಾರಾಗಬಾರದೆಂದು ಅಕ್ಕ ಒಪ್ಪಿದರು.

ವರದಿಯ ಮೀಟಿಂಗಿನಲ್ಲಿ ಪರದೆಯ ಮೇಲೆ ಕಾರಿನ ಪಟ್ಟಿ ದಪ್ಪಗೆ ನಿಂತಿತ್ತು, ಬಸ್ಸಿನದು ನೂಲಿನಷ್ಟು. ಕಾರಿನಲ್ಲಿ ಬಂದವರೆಲ್ಲ ಕಾರಿನವರಲ್ಲ, ಬೇರೆಯವರ ಕಾರಿನಲ್ಲಿ ಬಂದವರು, ಅವರಿಗೆ ನಿಜಕ್ಕೂ ಬಸ್ಸು ಬೇಕು ಎಂದು ನಾನು ಎದ್ದು ಹೇಳಿದೆ. ಹಾಗಿದ್ದರೆ ಅವರು ಯಾಕೆ ಬೇಡವೆಂದರು ಎಂದು ಮಾಲೀಕರ ಕಡೆಯವರು ಕೇಳಿದರು. ಮರ್ಯಾದೆಗೆ ಎಂದೆ. ಮರ್ಯಾದೆಯನ್ನು ಯಾವ ಪಟ್ಟಿಯಲ್ಲಿ ತೋರಿಸುವುದು ಎಂದು ಒಬ್ಬರು ತಮಾಷೆ ಮಾಡಿದರು. ಎಲ್ಲರೂ ನಕ್ಕರು, ಒಳ್ಳೆಯ ನಗುವೇ. ನಮ್ಮ ಲೆಬನಾನಿನವರು ಹೊರಗೆ ಬಂದ ಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು, ಇಷ್ಟು ದಿನ ನಿನ್ನ ಕಾರಿನಲ್ಲಿ ಬಂದವರು ಮುಂದೆಯೂ ನಿನ್ನ ಕಾರಿನಲ್ಲೇ ಬರುತ್ತಾರೆ ಬಿಡು ಎಂದರು. ನನ್ನ ಕಣ್ಣಿನ ವಿಷಯ ಅವರಿಗೂ ಹೇಳಿರಲಿಲ್ಲ. ಹೇಳಿದ್ದರೆ ಹೊರಗಿನ ಕೆಲಸ ತಪ್ಪಿಸುತ್ತಿದ್ದರು, ಆಮೇಲೆ ಅಕ್ಕನನ್ನು ಬಿಡಲು ಸಮಯವೇ ಸಿಗುತ್ತಿರಲಿಲ್ಲ.

ಜಾಗ ಸಮುದ್ರದ ಬದಿಗೇ ಆಯಿತು. ಮೊದಲು ಆಸ್ಪತ್ರೆ ಆಗಲಿ, ಬಸ್ಸು ಆಮೇಲೆ ತಾನಾಗಿ ಬರುತ್ತದೆ ಎಂದರು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎನ್ನುವ ಧಾಟಿ. ಅವರನ್ನು ದೂರುವ ಮನಸ್ಸೂ ನನಗಿಲ್ಲ. ಅವರು ಕೇಳಿದರು, ನಮ್ಮವರು ಹೇಳಿದರು, ಹೇಳಿದ್ದನ್ನು ನಂಬಿದರು. ಇದರಲ್ಲಿ ತಪ್ಪಿತಸ್ಥ ಯಾರೆಂದು ಯೋಚಿಸಿ ಯೋಚಿಸಿ ನನಗೆ ಸಾಕಾಗಿಹೋಗಿದೆ.

ಆಸ್ಪತ್ರೆ ಎದ್ದು ನಿಂತಿತು. ಗಾಜಿನ ಗೋಡೆ, ಒಳಗೆ ಖರ್ಜೂರದ ಮರಗಳು, ನೆಲ ಎಷ್ಟು ನುಣುಪೆಂದರೆ ನಡೆಯಲು ಭಯ. ಅಷ್ಟರಲ್ಲಿ ನನ್ನ ಕಣ್ಣೂ ಡಾಕ್ಟರ್ ಹೇಳಿದ ಹಾಗೆಯೇ ನಡೆದುಕೊಂಡಿತು. ಎದುರಿನ ಕಾರಿನ ಬ್ರೇಕ್ ಲೈಟು ಎರಡೆರಡಾಗಿ ಕಾಣತೊಡಗಿದ ದಿನ ಕಾರನ್ನು ಕೆಳಗೆ ನಿಲ್ಲಿಸಿ ಕೀಲಿಯನ್ನು ಹೆಂಡತಿಯ ಕೈಗೆ ಕೊಟ್ಟೆ. ಸ್ವಲ್ಪ ದಿನದಲ್ಲಿ ಕೆಲಸವೂ ಹೋಯಿತು. ಹೆಂಡತಿಯ ಶಾಲೆಯ ಕೆಲಸದ ಮೇಲೆ ವೀಸಾ ಮಾಡಿಸಿಕೊಂಡು ಈಗ ನಾನೇ ಅವಳ ಆಶ್ರಿತ. ಕಣ್ಣಿನ ಇಂಜೆಕ್ಷನ್ನಿಗೆ ಅದೇ ಹೊಸ ಆಸ್ಪತ್ರೆಗೆ ಹೋಗಬೇಕು, ಅಕ್ಕ ಡಯಾಲಿಸಿಸ್‌ಗೆ ಹೋಗುವುದೂ ಅಲ್ಲಿಗೇ.

ಸ್ವಲ್ಪ ದಿನ ಟ್ಯಾಕ್ಸಿ ಮಾಡಿದೆವು, ವಾರಕ್ಕೆ ಮೂರು ಸಲ ಆ ಬಾಡಿಗೆ ಹೊರುವಂಥದ್ದಲ್ಲ. ಒಮ್ಮೆ ಯಾರಿಗೂ ಹೇಳದೆ ನಾವಿಬ್ಬರೂ ಬಸ್ಸಿನಲ್ಲಿ ಹೋದೆವು. ಅಕ್ಕ ಕಿಟಕಿ ಬದಿಯಲ್ಲಿ ಕೂತರು. ಸೇತುವೆ ಬಂದಾಗ ಅವರ ಮುಖದಲ್ಲಿದ್ದ ಸಂತೋಷವನ್ನು ನನ್ನ ಅರೆಗಣ್ಣಿನಿಂದಲೂ ನೋಡಬಹುದಿತ್ತು. ಮನಾಮಾದಲ್ಲಿ ಬಸ್ಸು ಬದಲಾಯಿಸಿ ಹೆದ್ದಾರಿಯ ಸ್ಟಾಪಿನಲ್ಲಿ ಇಳಿದೆವು. ಅಲ್ಲಿಂದ ಆಸ್ಪತ್ರೆ ಕಾಣುತ್ತದೆ, ಹೊಳೆಯುತ್ತದೆ, ಹತ್ತಿರ ಮಾತ್ರ ಬರುವುದಿಲ್ಲ. ನಡೆಯುತ್ತಾ ನಡೆಯುತ್ತಾ ಅಕ್ಕನ ಉಸಿರು ಮೇಲೆ ಕೆಳಗೆ ಆಯಿತು. ರಸ್ತೆಯ ಅಂಚಿನ ಕಟ್ಟೆಯ ಮೇಲೆ ಕೂತುಬಿಟ್ಟರು. ನನಗೆ ಕಾರು ಸರಿಯಾಗಿ ಕಾಣುವುದಿಲ್ಲ, ಕೈ ತೋರಿಸಲು ಅಂಜಿಕೆ. ಕೊನೆಗೆ ಆಸ್ಪತ್ರೆಗೆ ನೀರಿನ ಡಬ್ಬ ಸಾಗಿಸುವ ಒಬ್ಬ ಪಠಾಣ ತನ್ನ ಪಿಕಪ್ ನಿಲ್ಲಿಸಿ, ಅಕ್ಕನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ನನ್ನನ್ನು ಹಿಂದೆ ಡಬ್ಬಗಳ ನಡುವೆ ಹತ್ತಿಸಿಕೊಂಡ. ಆ ದಿನ ಡಯಾಲಿಸಿಸ್ ಶುರು ಮಾಡುವ ಮೊದಲು ಅಕ್ಕನ ಬಿ.ಪಿ. ನೋಡಿ ನರ್ಸ್ ನನಗೆ ಬೈದಳು.

ಸುದ್ದಿ ನಮ್ಮ ಕಟ್ಟಡದ ಕೆಳಗಿರುವ ಕೋಲ್ಡ್ ಸ್ಟೋರಿಗೆ ಮುಟ್ಟಿತು. ಇಲ್ಲಿ ಮೂಲೆಯ ಕಿರಾಣಿ ಅಂಗಡಿಗೆ ಹಾಗೆನ್ನುತ್ತಾರೆ. ಅದನ್ನು ನಡೆಸುವವರು ಉಡುಪಿ ಕಡೆಯವರು, ನನ್ನ ವಯಸ್ಸಿನ ಆಸುಪಾಸು. ಮೆಟ್ಟಿಲು ಹತ್ತಿ ನಮ್ಮ ಮನೆಗೇ ಬಂದರು. "ನಾನು ಸತ್ತಿದ್ದೇನಾ ಮಾರಾಯ್ರೆ?" ಎಂದರು, ಕೂರಲೂ ಇಲ್ಲ. ನಾನು ಹಿಂದೊಮ್ಮೆ ಅರ್ಧ ಚಾ ಬಿಟ್ಟು ಮೇಲಿನ ಮನೆಗೆ ಓಡಿದ್ದು ನೆನಪಾಯಿತು. ಆಗ ನನ್ನ ಮುಖವೂ ಹೀಗೇ ಇದ್ದಿರಬೇಕು. ಇವರಿಗೆ ಏನು ಹೇಳುವುದು? ಒಪ್ಪಿಕೊಂಡೆವು. ಅಂದಿನಿಂದ ಅಂಗಡಿಗೆ ಬೀಗ ಹಾಕಿ ಅವರು ನಮ್ಮನ್ನು ಕರೆದುಕೊಂಡು ಹೋಗುತ್ತಾರೆ. ನಮ್ಮ ಹೆಂಗಸರ ಕಡೆಯಿಂದ ಅವರ ಮನೆಗೆ ಪತ್ತಿರ್, ಪುಂಡಿ, ನನ್ನ ಹೆಂಡತಿಯ ಕಡುಬು ಎಲ್ಲ ಹೋಗತೊಡಗಿದವು.

ಕೆಲವು ತಿಂಗಳ ಹಿಂದೆ ಹೈದರಾಬಾದಿನ ಆ ಹುಡುಗಿ ಫೋನ್ ಮಾಡಿದ್ದಳು. ಈಗ ನನ್ನ ಹಳೆಯ ಕುರ್ಚಿ ಅವಳದ್ದು. ಹೊಸ ಆಸ್ಪತ್ರೆಯಲ್ಲಿ ಮತ್ತೆ ವಿಚಾರಣೆ ಇದೆ, ಬಸ್ಸು ಬೇಕೆನ್ನುವವರು ಸಾಕಷ್ಟು ಸಿಕ್ಕರೆ ಗೇಟಿನವರೆಗೆ ಬಸ್ಸು ತರಿಸಲು ಆಸ್ಪತ್ರೆಯವರು ಬಸ್ಸಿನವರಿಗೆ ಬರೆದುಕೊಳ್ಳುತ್ತಾರೆ, ಇಲ್ಲವಾದರೆ ಆ ಮಾತನ್ನು ಅಲ್ಲಿಗೇ ಬಿಡುತ್ತಾರೆ ಅಂಕಲ್ ಎಂದಳು. ನನಗೆ ಜೀವ ಬಂದ ಹಾಗಾಯಿತು. ಆ ದಿನವೇ ಮೇಲೆ ಹೋಗಿ ಅಕ್ಕನಿಗೆ ಪಾಠ ಮಾಡಿದೆ. ಈ ಸಲ ಬಸ್ಸು ಬೇಕೆಂದೇ ಹೇಳಬೇಕು, ಯಾರು ನಿಂತಿದ್ದರೂ ಸರಿ, ಯಾರ ಮುಖವನ್ನೂ ನೋಡಬಾರದು, ಒಬ್ಬೊಬ್ಬರ ಮಾತೂ ಮುಖ್ಯ ಎಂದು ಮಕ್ಕಳಿಗೆ ಹೇಳುವ ಹಾಗೆ ಹೇಳಿದೆ. ಅಕ್ಕ ಎಲ್ಲ ಕೇಳಿ, ನೋಡುವ ಎಂದಷ್ಟೇ ಅಂದರು. ನನಗೆ ಅವರ ಮೇಲೆ ನಂಬಿಕೆ ಬರಲಿಲ್ಲ. ಕೆಳಗಿಳಿದು ಬರುವಾಗಲೂ, ಇವರು ಮತ್ತೆ ಬೇಡ ಎಂದೇ ಹೇಳುವುದು, ಕೋಣನ ಮುಂದೆ ಕಿನ್ನರಿ ಎಂದು ಗೊಣಗಿಕೊಂಡೆ.

ವಿಚಾರಣೆಗೆ ನಮ್ಮ ಸರದಿ ಬಂದದ್ದು ಆಸ್ಪತ್ರೆಯ ಕೆಳಗಿನ ಲಾಬಿಯಲ್ಲಿ. ಅಕ್ಕನ ಡಯಾಲಿಸಿಸ್ ಮುಗಿದಿತ್ತು, ಗಾಲಿಕುರ್ಚಿಯಲ್ಲಿ ಕೂತಿದ್ದರು. ನನ್ನ ಒಂದು ಕಣ್ಣಿಗೆ ಇಂಜೆಕ್ಷನ್ ಹಾಕಿ ಪಟ್ಟಿ ಕಟ್ಟಿದ್ದರು. ಅಂಗಡಿಯವರು ನಮ್ಮನ್ನು ಹುಡುಕಿಕೊಂಡು ಬಂದು ನನ್ನ ಹಿಂದೆಯೇ ನಿಂತರು. ಅಂಗಡಿಯಲ್ಲಿ ಹಾಲಿನ ಕ್ರೇಟುಗಳನ್ನು ಇಳಿಸಿಕೊಂಡು ಹಾಗೆಯೇ ಓಡಿಬಂದಿದ್ದರು, ಅಂಗಿಯ ಬೆನ್ನು ಒದ್ದೆ. ಕೈಯಲ್ಲಿ ಕೀಲಿ, ಇನ್ನೊಂದು ಕೈಯಲ್ಲಿ ನಮಗಾಗಿ ತಂದ ತಣ್ಣಗಿನ ನೀರಿನ ಬಾಟ್ಲಿ. ಅದೇ ಹೊತ್ತಿಗೆ ಹುಡುಗಿ ನನ್ನನ್ನು ಕಂಡು ನಗುತ್ತಾ ಬಂದಳು. ಮೊದಲು ನಿಮ್ಮದೇ ಕೇಳುತ್ತೇನೆ ಅಂಕಲ್ ಎಂದಳು. ಹೇಗೆ ಬಂದಿರಿ?

ಕಾರು, ಎಂದೆ.

ಗೇಟಿನವರೆಗೆ ಬಸ್ಸು ಬಂದರೆ?

ವಾಕ್ಯ ನನ್ನ ನಾಲಿಗೆಯ ಮೇಲೆಯೇ ಇತ್ತು. ಎಷ್ಟು ದಿನದಿಂದ ಇತ್ತೆಂದರೆ, ನಿದ್ದೆಯಲ್ಲಿ ಕೇಳಿದ್ದರೂ ಹೇಳುತ್ತಿದ್ದೆ. ಅಷ್ಟರಲ್ಲಿ ಅಂಗಡಿಯವರು ಹಿಂದಿನಿಂದ ಬಾಟ್ಲಿಯ ಮುಚ್ಚಳ ತೆಗೆದು, ನನಗೆ ಕಾಣುವುದಿಲ್ಲವೆಂದು ಅದನ್ನು ನನ್ನ ಬೆರಳುಗಳ ನಡುವೆ ಸರಿಯಾಗಿ ಹಿಡಿಸಿದರು. ಅವರ ಕೈ ತಣ್ಣಗಿತ್ತು.

"ಬಸ್ಸು ಬೇಡಮ್ಮ," ಎಂದೆ. "ಇವರಿದ್ದಾರಲ್ಲ."

ಹುಡುಗಿ ಅಕ್ಕನ ಕಡೆ ನೋಡಿದಳು. ಅಕ್ಕ ಗಾಲಿಕುರ್ಚಿಯಲ್ಲಿ ಸ್ವಲ್ಪ ಮುಂದೆ ಬಾಗಿದ್ದರು, ಏನೋ ಹೇಳುವವರ ಹಾಗೆ. ಇವರು ನಿಮ್ಮ ಜೊತೆಗೇ ಬಂದದ್ದಲ್ಲವೇ, ಇಬ್ಬರದೂ ಒಂದೇ ಆಯಿತು ಎಂದು ಹುಡುಗಿ ಎರಡು ಸಲ ಬೆರಳು ಒತ್ತಿದಳು. ಹಾಗೆ ಒತ್ತುವುದು ತಪ್ಪು, ಒಬ್ಬೊಬ್ಬರನ್ನೂ ಬೇರೆಯಾಗಿ ಕೇಳಬೇಕು. ಅವಳಿಗೆ ಕೆಲಸ ಕಲಿಸಿದವನೇ ನಾನು. ಆದರೂ ಅವಳನ್ನು ತಡೆಯಲಿಲ್ಲ. ಅಂಗಡಿಯವರು ಕಾರನ್ನು ಬಾಗಿಲಿಗೆ ತರುತ್ತೇನೆಂದು ಹೊರಗೆ ಹೋದರು, ಹುಡುಗಿ ಪಕ್ಕದ ಸಾಲಿಗೆ ಹೋದಳು.

ನಾವಿಬ್ಬರೇ ಉಳಿದೆವು. ಅಕ್ಕ ಸಿಟ್ಟಾಗುತ್ತಾರೆ, ನಾನು ಅಂದು ಹರಿಹಾಯ್ದ ಹಾಗೆ ಹರಿಹಾಯುತ್ತಾರೆ ಎಂದು ಕಾದೆ. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ.

"ನಾನು ಈ ಸಲ ಬಸ್ಸು ಬೇಕು ಅಂತ್ಲೇ ಹೇಳುದೂಂತ ಇದ್ದೆ ಅಣ್ಣ."

ನಾನು ಬಾಟ್ಲಿಯನ್ನು ಅವರ ಕಡೆ ಚಾಚಿದೆ. ಡಯಾಲಿಸಿಸ್‌ನವರು ನೀರನ್ನು ಲೆಕ್ಕದಲ್ಲಿ ಕುಡಿಯಬೇಕು. ತುಟಿ ಒದ್ದೆ ಮಾಡಿಕೊಂಡು ವಾಪಸು ಕೊಟ್ಟರು. ಹೊರಗೆ ಹಾರ್ನ್ ಕೇಳಿಸಿತು. ಕಾರು ಬಾಗಿಲಿಗೆ ಬಂದಿತ್ತು, ಅಂಗಡಿಯವರು ಇಳಿದು ಹಿಂದಿನ ಬಾಗಿಲು ತೆರೆದು ಹಿಡಿದುಕೊಂಡಿದ್ದರು. ಅವರನ್ನು ಕಾಯಿಸಬಾರದೆಂದು ನಾವು ಬೇಗ ಹೊರಟೆವು.